ಮುಚ್ಚಳ ಮಾತ್ರ ಸಿಗಲ್ಲ

ಬಿಸಿಯಿತ್ತು. ತಣ್ಣೀರಿನ ನಲ್ಲಿಯಡಿ ಹಿಡಿದದ್ದು ನಾನಲ್ಲ,
ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.
ಬಚ್ಚಲಿನಿಂದ ಬಂದು ನೋಡಿದರೆ
ಸಿಂಕಿನ ತುಂಬ ಕಲ್ಲುಸಕ್ಕರೆ,
ಹಾಲಮ್ಮನ ಕೈಯಲ್ಲಿ ಕರೀ ಗುಬಟು ಒಂದೇ,
ಅದಕ್ಕಿನ್ನೂ ಕಚ್ಚಿಕೊಂಡ ಸ್ಕ್ರೂ.
'ತಾನಾಗೇ ಒಡೀತು' ಅಂದಳು.
ಒದ್ದೆ ಪೇಪರು ಒತ್ತಿ ಒತ್ತಿ ಚೂರು ತೆಗೆದೆ.
ಆಮೇಲೆ ಎಂಟು ದಿನ
ಒಂದೇ ಕೋಣೆ, ಎರಡು ಚಾಪೆ, ಮಾತಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಬೀದರಿಗೆ ವರ್ಗವಾದಾಗ
ಕೊಟ್ಟು ಹೋದ ಕರೆಂಟಿನ ಪಾತ್ರೆ.
ಜೊತೆಗಿದ್ದ ಕಾಗದದಲ್ಲಿ ಹನ್ನೊಂದು ಭಾಷೆ, ಕನ್ನಡವಿಲ್ಲ.
ನಾವೇ ಹೆಸರಿಟ್ಟೆವು: ನಿಧಾನಿ.
ರಾತ್ರಿ ಹುರುಳಿ ಹಾಕಿ ಮಲಗಿದರೆ
ಬೆಳಿಗ್ಗೆಗೆ ಕಟ್ಟು, ತುಂಗೆಯ ಹೊಸನೀರಿನ ಬಣ್ಣ.
ಗಾಜಿನೊಳಕ್ಕೆ ಬಗ್ಗಿ ನೋಡುವುದು ನನ್ನ ಚಾಳಿ,
ಲ್ಯಾಬಿನಲ್ಲಿ ಹಗಲೆಲ್ಲ ಮಾಡುವುದೂ ಅದೇ.
ಬೆವೆತ ಗಾಜನ್ನು ಉಗುರಿನಿಂದ ತಟ್ಟಿದರೆ
ಹನಿ ಸರಿದು ಕಾಳು ಕಾಣುತ್ತಿದ್ದವು,
ಯಾರದೋ ರಕ್ತದ ಕಣಗಳ ಹಾಗೆ, ಆತುರವಿಲ್ಲದೆ.

ಗಾಂಧಿ ಬಜಾರಿನ ಪಾತ್ರೆ ಅಂಗಡಿಗೆ
ದಾರದಲ್ಲಿ ಅಳತೆ ಒಯ್ದೆ.
ಉದ್ದಕ್ಕೊಂದು ಗಂಟು, ಅಗಲಕ್ಕೊಂದು.
'ಎರಡು ಅಳತೆ ಯಾಕಮ್ಮ?' ಅಂದರು ಪದ್ಮರಾಜಯ್ಯ.
ಮೊಟ್ಟೆಯಾಕಾರ ಸಾರ್.
ಗೋಡೆಯ ತೀರ್ಥಂಕರರನ್ನೊಮ್ಮೆ ನೋಡಿ
'ಮಾವಿನಕಾಯಿ ಆಕಾರ ಅನ್ನಿ' ಎಂದು ತಿದ್ದಿದರು.
'ಪಾತ್ರೆ ತಗೊಂಡ್ರೆ ಮುಚ್ಚಳ ಬರುತ್ತೆ,
ಮುಚ್ಚಳ ಮಾತ್ರ ಸಿಗಲ್ಲ.'
ಅವರ ತಲೆಯ ಮೇಲೆ ನೇತಾಡುತ್ತಿದ್ದವು ನೂರು ಮುಚ್ಚಳ,
ಹುಣ್ಣಿಮೆ, ಹುಣ್ಣಿಮೆ, ಬರೀ ಹುಣ್ಣಿಮೆ.
ನನ್ನದು ಏಕಾದಶಿ.

ಊಟದ ತಟ್ಟೆ ಮುಚ್ಚಿದೆ.
ಎರಡು ತುದಿಗೂ ಬಾಯಿ ಬಿಟ್ಟು
ಬೆಳಗಾಗುವುದರೊಳಗೆ ನೀರೆಲ್ಲ ಕುಡಿದಿತ್ತು.
ಬೆಳ್ಳಿ ಕಾಗದ ಸುತ್ತಿದೆ, ಆವಿಗೆ ಉಬ್ಬಿ ಎದ್ದು ಕೂತಿತು.
ಗೋಧಿ ಕನಕ ಹೊಸೆದು ಅಂಚಿಗೆ ಮೆತ್ತಿದ ರಾತ್ರಿ
ಬೆಂದದ್ದೇನೋ ಚೆನ್ನಾಗಿ ಬೆಂತು,
ಬಿಡಿಸಲು ಮಾತ್ರ ಓನರ್ ಮನೆಯಿಂದ ಉಳಿ ತರಬೇಕಾಯಿತು.
ಊರ ಬಾಯಿಗೆ ಮುಚ್ಚಳವಿಲ್ಲ ಅನ್ನುತ್ತಾರಲ್ಲ,
ಅವರು ಈ ಬಾಯಿ ನೋಡಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಬುಡೇನ್ ಸಾಬರು,
ಒಂದು ಕಾಲದಲ್ಲಿ ಸೀಮೆಎಣ್ಣೆಯ ಅಳತೆ ಡಬ್ಬ ಮಾಡುತ್ತಿದ್ದವರು,
ಈಗ ಕೋಳಿಗೆ ನೀರಿಡುವ ತಗಡಿನ ತೊಟ್ಟಿ.
ದಾರವನ್ನು ಮುಟ್ಟಲೂ ಇಲ್ಲ.
'ದಾರ ಸುಳ್ಳು ಹೇಳುತ್ತೆ. ಪಾತ್ರೆ ತನ್ನಿ.'
ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಪಕ್ಕದ ಅಜ್ಜಿ ಇಣುಕಿ ನೋಡಿ,
ಒಳಗೆ ಏನೂ ಇಲ್ಲದ್ದಕ್ಕೆ ಬೇಜಾರಾದಳು.
ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಪಾತ್ರೆ ಬೋರಲು ಹಾಕಿ
ಮೊಳೆಯಲ್ಲಿ ಗೀಚಿದರು ಸುತ್ತ,
ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿ ಅಂಚು ಮಡಿಸಿದರು.
ಮೇಲೆ ಅರ್ಧ ಸೂರ್ಯಕಾಂತಿ ಹೂ, ಒಳಗೆ ಬೋಳು.
ನಡುವೆ ಒಂದು ತೂತು.
'ಹಳೇ ಗುಬಟು ಇದೆಯಾ?'
ಅದು ಯಾರ ಹತ್ತಿರ ಇದೆಯೋ
ಅವರ ಹತ್ತಿರ ಕೇಳುವ ಹಾಗಿರಲಿಲ್ಲ.
ಅರವತ್ತು ರೂಪಾಯಿ ಕೊಟ್ಟು ತೂತಿನ ಸಮೇತ ತಂದೆ.

ರಾತ್ರಿ ಮೂರಕ್ಕೆ ತಗಡು ಕುಣಿಯತೊಡಗಿತು.
ಟಕ ಟಕ. ಸ್ವಲ್ಪ ಸುಮ್ಮನೆ. ಮತ್ತೆ ಟಕ.
ಏಳಬೇಕು ಅಂದುಕೊಂಡು
ಏಳಲಿಲ್ಲ.
ಆ ಕಡೆ ಚಾಪೆ ಸರಿದ ಸದ್ದು,
ಟ್ರಂಕಿನ ಚಿಲಕ, ಕತ್ತಲಲ್ಲಿ ಏನೋ ತಿರುಪಿದ ಕಿರಕಿರ,
ಆಮೇಲೆ ಏನೋ ದಪ್ಪನೆಯದು ಕೂತ ಸದ್ದು.
ನಿಶ್ಶಬ್ದ.

ಬೆಳಿಗ್ಗೆ ನೋಡಿದರೆ
ಸೂರ್ಯಕಾಂತಿಯ ನೆತ್ತಿಗೆ ಕರೀ ಗುಬಟು,
ಅದರ ಮೇಲೆ ವಾಲಿಕೊಂಡು ಕೂತಿತ್ತು
ಹಾಲಮ್ಮನ ಸಾಮಾನ್ಯಜ್ಞಾನದ ಪುಸ್ತಕ, ಎಂಟುನೂರು ಪುಟ,
ಆವಿ ಕುಡಿದು ಸಾವಿರದಷ್ಟು ದಪ್ಪ.
ಪರೀಕ್ಷೆ ಬರುವ ಭಾನುವಾರ.
ಖನಿಜ ಸಂಪತ್ತು, ಪಂಚಾಯತ್ ರಾಜ್, ನದಿಗಳ ಉಗಮ,
ಎಲ್ಲಕ್ಕೂ ಹುರುಳಿಯ ವಾಸನೆ.
ಅವಳು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು,
ನೊರೆಯ ಬಾಯಲ್ಲೇ:
'ಉಪ್ಪು ಹಾಕಿದ್ಯಾ?'
ಹೂಂ ಅಂದೆ.
ಹಾಕಿರಲಿಲ್ಲ.
ಬಗ್ಗಿ, ಅಭ್ಯಾಸಬಲ, ಉಗುರಿನಿಂದ ಮುಚ್ಚಳ ತಟ್ಟಿದೆ.
ತಗಡು. ಅರ್ಧ ಹೂ. ಏನೂ ಸರಿಯಲಿಲ್ಲ.