ಹಡಗು ಆರಕ್ಕೆ ಹೊರಡುತ್ತದೆ

ಐದೇ ಗಂಟೆ ಇದೆ ಅಂತೀರಿ, ಏನೇನು ನೋಡೋಣ ಅಂತೀರಿ,
ನಿಮ್ಮ ಹಿಂದೆ ಇನ್ನೂ ನಾಲ್ಕು ಜನ ಟಿಕೆಟ್ಟಿಗೆ ನಿಂತಿದ್ದಾರೆ.
ನಿಲ್ಲಲಿ ಬಿಡಿ. ತ್ರಿಯೆಸ್ತೆಯಲ್ಲಿ ಯಾರಿಗೂ ಅವಸರವಿಲ್ಲ,
ಹಡಗಿನಿಂದ ಇಳಿದವರಿಗೆ ಬಿಟ್ಟರೆ.

ಎಲ್ಲರೂ ಹೇಳುವ ಆ ಚೌಕಕ್ಕೆ ಮೊದಲೇ ಹೋಗಬೇಡಿ.
ಮೂರು ಕಡೆ ಅರಮನೆ, ನಾಲ್ಕನೆಯ ಕಡೆ
ಗೋಡೆ ಕಟ್ಟಲು ಮರೆತಂತೆ ಕಡಲು.
ಅದರ ಪಕ್ಕದಲ್ಲೇ ನಿಂತಿದೆ ನಿಮ್ಮ ಹಡಗು,
ಒಂಬತ್ತು ಅಂತಸ್ತಿನ ಬಿಳಿ ಬೀರು.
ಹತ್ತುವಾಗ ಹೇಗೂ ಕಾಣುತ್ತದೆ.

ಮೊದಲು ಕಾಫಿ.
ಬರೀ ಕಾಫಿ ಅಂದರೆ ಸಾಲದು ಇಲ್ಲಿ.
ನೇರೋ ಅನ್ನಿ, ಕಟು ಕಪ್ಪು.
ಕಾಪೋ ಅನ್ನಿ, ಅದರ ತಲೆಗೊಂದು ಹಾಲಿನ ಟೊಪ್ಪಿ.
ಕಾಪೋ ಇನ್ ಬಿ ಅಂದಿರೋ, ಅದೇ, ಗಾಜಿನ ಲೋಟದಲ್ಲಿ.
ತಪ್ಪು ಹೇಳಿದರೆ ಯಾರೂ ನಗುವುದಿಲ್ಲ,
ತಿದ್ದುತ್ತಾರೆ. ನಕ್ಕಿದ್ದರೇ ವಾಸಿ ಅನ್ನಿಸುತ್ತದೆ.

ಆಮೇಲೆ ಕಲ್ಲಿನ ಕಟ್ಟೆ. ನೀರಿನೊಳಕ್ಕೆ ಮುನ್ನೂರು ಹೆಜ್ಜೆ,
ತುದಿಯಲ್ಲಿ ಕಂಚಿನ ತಟ್ಟೆ, ಅದರ ಮೇಲೆ ಗಾಳಿಗಳ ಹೆಸರು.
ಬೋರಾ ಎಂಬಲ್ಲಿ ಕೈಯಿಡಿ, ಮೆಲ್ಲಗೆ,
ಇವತ್ತು ಅವಳು ಮಲಗಿದ್ದಾಳೆ.
ಅವಳೆದ್ದ ದಿನ ಬೀದಿಬದಿಗೆ ಹಗ್ಗ ಕಟ್ಟುತ್ತಿದ್ದರು
ಹಿಡಿದು ನಡೆಯಲಿ ಅಂತ.
ಒಂದು ಫೆಬ್ರುವರಿ ಸೋದರತ್ತೆ ಓಂದಿನಾಳ ಹೊಸ ಟೊಪ್ಪಿ
ಸೆರ್ಬಿಯನ್ನರ ಇಗರ್ಜಿಯ ನೀಲಿ ಗುಮ್ಮಟ ದಾಟಿ
ಕಾಲುವೆ ದಾಟಿ, ಕಡಲಿಗೆ ಹಾರಿತು.
ವೆನಿಸ್ಸಿನಲ್ಲಿ ಯಾವಳೋ ಅದನ್ನು ಹಾಕಿಕೊಂಡು ಮೆರೆಯುತ್ತಿದ್ದಾಳೆ
ಅಂತ ಸಾಯುವವರೆಗೂ ಶಪಿಸಿದಳು.

ಬಿಳಿ ಕೋಟೆಗೆ ಬಸ್ಸಿದೆ, ಹೋಗಿಬರಲು ಎರಡು ಗಂಟೆ.
ಅಲ್ಲಿ ಮಲಗಿದ ಯಾವ ದೊರೆಗೂ ಒಳ್ಳೆಯದಾಗಲಿಲ್ಲವಂತೆ.
ಬಿಟ್ಟುಬಿಡಿ.

ಇಲ್ಲಿಗಂತೂ ಬಂದೇ ಇದ್ದೀರಿ, ಈ ಕಡಲಸ್ನಾನಕ್ಕೆ.
ಈ ಗೋಡೆ ನೋಡಿದಿರಾ? ಇತ್ತ ಹೆಂಗಸರು, ಅತ್ತ ಗಂಡಸರು.
ನಗಬೇಡಿ. ನಮಗೂ ಗೊತ್ತು ಇದು ಯಾವ ಕಾಲದ್ದು ಅಂತ.
ತೆಗೆಯೋಣ ಅಂದರೆ ಮೊದಲು ಕೂಗುವವರು ನಾವೇ ಹೆಂಗಸರು:
ಹೊಟ್ಟೆ ಒಳಗೆಳೆದುಕೊಳ್ಳದೆ ಬಿಸಿಲಿಗೆ ಬೀಳಲು
ಇನ್ನೆಲ್ಲಿದೆ ಜಾಗ?
ನನ್ನ ಲಿವಿಯೋ ಆ ಕಡೆಯಿಂದ ಕೂಗುತ್ತಾನೆ, ನೆರೀನಾ, ಬೀಗದಕೈ!
ಗೋಡೆ ಕಡಲೊಳಗೆ ಸ್ವಲ್ಪ ದೂರ ಹೋಗಿ ಸುಸ್ತಾಗಿ ನಿಲ್ಲುತ್ತದೆ.
ಅಲ್ಲಿಗೆ ಈಜಿ ಹೋಗಿ ಕತ್ತಿನವರೆಗಿನ ನೀರಲ್ಲಿ
ಮೂವತ್ತು ವರ್ಷ ಜಗಳಾಡಿದ್ದೇವೆ.

ಲೆಕ್ಕ ಹಾಕಿ, ಇನ್ನೂ ಒಂದು ಗಂಟೆ ಮಿಕ್ಕಿತು.
ಅದನ್ನು ನಾನು ಕೇಳುತ್ತೇನೆ.

ಹಳೆ ಬಂದರಿನಲ್ಲಿ ಒಂದು ಗೋದಾಮಿದೆ.
ನಲವತ್ತೇಳರಲ್ಲಿ ಪೋಲಾ ಬಿಟ್ಟು ಬಂದವರ ಸಾಮಾನು:
ಕಪಾಟು, ಕನ್ನಡಿ, ಹೊಲಿಗೆಯಂತ್ರ,
ಕುರ್ಚಿಯ ಮೇಲೆ ಕುರ್ಚಿಯ ಮೇಲೆ ಕುರ್ಚಿ, ಒಂದು ಗುಡ್ಡ.
ಬಂದು ಒಯ್ಯುತ್ತೇವೆ ಅಂತ ಹೆಸರು ಬರೆದಿಟ್ಟು ಹೋದರು.
ಒಂದು ಕೋಣೆಯಲ್ಲಿ ಏಳು ಜನ ಮಲಗುವವರು
ಕಪಾಟು ಎಲ್ಲಿ ಇಟ್ಟಾರು?

ಅದರಲ್ಲೊಂದು ಪುಟ್ಟ ಕುರ್ಚಿ ಇರಬೇಕು.
ಅಮ್ಮನಿಗೆ ಆಗ ಒಂಬತ್ತು. ಒಂದು ಕಾಲು ಗಿಡ್ಡ,
ಅಡಿಯಲ್ಲಿ ದೋಣಿಯ ನೀಲಿ ಬಣ್ಣದಲ್ಲಿ ತಾತ ಬರೆದದ್ದು: ಮೊಸ್ಕಾರ್ದಾ.
ಕಾವಲಿಗಿರುವ ಫುಲ್ವಿಯೋ ನನ್ನ ತರಗತಿಯವನು,
ನನ್ನ ಹೆಸರು ಹೇಳಿದರೆ ಒಳಗೆ ಬಿಡುತ್ತಾನೆ.

ನಾನು ಹೋಗಿಲ್ಲ. ಇಲ್ಲಿಂದ ಒಂದು ಬಸ್ಸು, ಅಷ್ಟೇ,
ಅರವತ್ತಾರು ವರ್ಷದಲ್ಲಿ ಬಿಡುವಾಗಲಿಲ್ಲ.
ಸಿಕ್ಕರೆ ಎಲ್ಲಿಡಲಿ? ಸಿಗದಿದ್ದರೆ?
ನಿಮಗಾದರೋ ಅದು ಬರೀ ಕುರ್ಚಿ,
ನೋಡಬಹುದು.

ಬಂದು ಹೇಳಬೇಡಿ, ಹೊತ್ತಾಗುತ್ತದೆ.
ನಿಮ್ಮ ಹಡಗು ಈ ಗೋಡೆಯ ಮುಂದೇ ಹಾಯುತ್ತದೆ,
ಆರೂಕಾಲಿಗೆ ನಾನು ಕಿಟಕಿ ಮುಚ್ಚಿ ಹೊರಗೆ ನಿಂತಿರುತ್ತೇನೆ.
ಇತ್ತು ಅನ್ನುವುದಾದರೆ ಕೈ ಬೀಸಿ.
ಆದರೆ ಮೇಲೆ ನಿಂತವರೆಲ್ಲ ಬೀಸುತ್ತಾರಲ್ಲ,
ದಿನಾ, ಸಾವಿರ ಕೈ.

ಸರಿ, ಹಿಂದಿನವರು ಕೆಮ್ಮುತ್ತಿದ್ದಾರೆ.
ಎರಡು ಟಿಕೆಟ್ಟು, ಚಿಲ್ಲರೆ ಇದ್ದರೆ ಕೊಡಿ.
ನೀವು ಈ ಬಾಗಿಲು. ಅವರು ಆ ಬಾಗಿಲು.