ಕಿವಿಗಿಟ್ಟ ಕಾಯಿ

ಅರಸೀಕೆರೆ ಮಂಡಿಯಲ್ಲಿ ನನ್ನ ಕೆಲಸ ಇಷ್ಟೇ:
ಅಟ್ಟದಿಂದ ಇಳಿದ ಕಾಯನ್ನು
ಬಲಗಿವಿಯ ಹತ್ತಿರ ಹಿಡಿದು ಒಂದು ಸಲ ಕುಲುಕುವುದು.
ಗಡಗಡ ಅಂದರೆ ಒಡೆಯೋಕೆ.
ಕುಳುಕ್ ಅಂದರೆ ನೀರಿದೆ, ವಾಪಸ್ಸು ಅಟ್ಟಕ್ಕೆ.
ಏನೂ ಅನ್ನದಿದ್ದರೆ
ತಿರುಳು ಇನ್ನೂ ಚಿಪ್ಪನ್ನು ಕಚ್ಚಿಕೊಂಡಿದೆ,
ಬಲವಂತಕ್ಕೆ ಬಿಡಿಸಿದರೆ ಚೂರು. ಚೂರಿಗೆ ರೇಟಿಲ್ಲ.
ಹತ್ತೊಂಬತ್ತು ವರ್ಷ ಇದನ್ನೇ ಕೇಳಿದ್ದೇನೆ.
ಷಡಕ್ಷರಪ್ಪನವರು ಗಿರಾಕಿಗಳಿಗೆ ಹೇಳುತ್ತಾರೆ,
ಪಂಕಜನ ಕಿವಿ ತಪ್ಪಿದರೆ ಅದು ಕಾಯಿದೇ ತಪ್ಪು ಅಂತ.

ಒಂದು ಮಂಗಳವಾರ
ಕಾಂಗೇಯಂ ಮಿಲ್ಲಿನ ಚೆಲ್ಲಮುತ್ತು ಬಂದರು.
ಅರ್ಧ ಗಂಟೆ ನಿಂತು ನೋಡಿದರು, ಕೈಯಲ್ಲಿದ್ದ ಕಾಫಿ ಆರಿಹೋಯಿತು.
"ನಮ್ಮಲ್ಲಿ ಬಾಮ್ಮ. ಇಪ್ಪತ್ತೆಂಟು ಸಾವಿರ, ಮನೆ, ಪಿ.ಎಫ್.
ಕೊಬ್ಬರಿ ಗೊತ್ತಿರೋರು ಬೇಕು, ಮೇಲೆ ನಿಂತು ನೋಡೋಕೆ."
ಇಲ್ಲಿ ನನಗೆ ದಿನಕ್ಕೆ ನಾನೂರೈವತ್ತು,
ಶನಿವಾರ ಕೊಟ್ಟರೆ ಉಂಟು.
ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿಟ್ಟೆ.
ಸುಣ್ಣ ಹತ್ತಿ ಒಂದು ನಂಬರು ಅಳಿಸಿತು.
ಒಂದೇ ನಂಬರು. ಹತ್ತು ಸಲ ಒತ್ತಿದ್ದರೆ ಸಿಗುತ್ತಿತ್ತು.

ಷಡಕ್ಷರಪ್ಪನವರಿಗೆ ಹೇಳಿದೆ: ನಮ್ಮತ್ತೆಗೆ ಮಂಡಿನೋವು.
ಅತ್ತೆಗೆ ಹೇಳಿದೆ: ಮಂಡಿಯವರು ಬಿಡುತ್ತಿಲ್ಲ.
ಗಂಡ ಮಾತ್ರ ಹಮಾಲಿ ಮುಗಿಸಿ ಬಂದು, ಟವೆಲ್ ಕೊಡವಿ,
"ಹೋಗೋಣ ನಡಿ. ಅಲ್ಲೂ ಮೂಟೆ ಇರುತ್ತೆ,
ಬೆನ್ನು ನನ್ನ ಜೊತೆಗೇ ಬರುತ್ತೆ" ಅಂದ.
ಎಂಥ ಸಿಟ್ಟು ಬಂತು!
ತಡೆಯೋರೇ ಇಲ್ಲದಿದ್ದರೆ ನೆಪ ಎಲ್ಲಿಂದ ತರಲಿ?
ಮುದ್ದೆ ಸಿಗಲ್ಲ ಅಂದೆ. ಹಿಟ್ಟು ಒಯ್ಯೋಣ ಅಂದ.
ತಮಿಳು ಬರಲ್ಲ ಅಂದೆ.
"ರೈಲ್ವೆ ಕ್ವಾರ್ಟರ್ಸ್ ಹಿಂದೆ ಬೆಳೆದವಳು ನೀನು,
ನಲ್ಲಿ ಜಗಳಕ್ಕೆ ತಮಿಳೇ ಬೇಕಿತ್ತಲ್ಲ" ಅಂದು ನಕ್ಕ.
ನಾನು ಒಲೆ ಕಡೆ ತಿರುಗಿದೆ.

ನಿಜ ಇದು, ಯಾರಿಗೂ ಹೇಳಿಲ್ಲ.
ಬಿಲ್ಲು ಬರೆಯುವ ಹುಡುಗನ ಫೋನಿನಲ್ಲಿ ಆ ಮಿಲ್ಲು ನೋಡಿದೆ.
ಅಲ್ಲಿ ಕಾಯನ್ನು ಎರಡು ಹೋಳು ಮಾಡಿ
ಸಿಮೆಂಟು ಕಣದಲ್ಲಿ ಬಿಸಿಲಿಗೆ ಹರವುತ್ತಾರೆ.
ಕಣ್ಣು ಹೋದಷ್ಟೂ ಬಾಯಿಬಿಟ್ಟ ಬಟ್ಟಲುಗಳು.
ಅಟ್ಟ ಇಲ್ಲ, ಹನ್ನೊಂದು ತಿಂಗಳ ಕತ್ತಲೆ ಇಲ್ಲ,
ಕುಲುಕೋಕೆ ಏನೂ ಇಲ್ಲ.
ಒಬ್ಬಳು ಪೆನ್ನಿನಂಥ ಮೀಟರು ಚುಚ್ಚಿ
ನಂಬರು ಓದಿ ಪುಸ್ತಕದಲ್ಲಿ ಬರೆಯುತ್ತಿದ್ದಳು.
ಅವಳ ಕಿವಿ ಸೆರಗಿನೊಳಗಿತ್ತು.

ನಲವತ್ತೊಂದಕ್ಕೆ ಮತ್ತೆ ಒಂದನೇ ಕ್ಲಾಸು.
ಇದೇನು ಅಂತ ಇಪ್ಪತ್ತರ ಹುಡುಗಿಯನ್ನು ಕೇಳಬೇಕು,
ತಪ್ಪು ಬರೆದು ನಗಿಸಿಕೊಳ್ಳಬೇಕು.
ಇಲ್ಲಿ ನಾನು ಬಂದರೆ
ಗೋಣಿಯ ಮೇಲೆ ಕೂತವರು ಸ್ವಲ್ಪ ಜರುಗುತ್ತಾರೆ.
ಆ ಒಂದು ಗೇಣು ಜಾಗ
ಇಪ್ಪತ್ತೆಂಟು ಸಾವಿರದಲ್ಲಿ ಕಳೆದರೆ ಉಳಿಯುವುದೆಷ್ಟು?
ಬೆರಳು ಮಡಚಿ ಲೆಕ್ಕ ಹಾಕಿದೆ, ಬೆರಳು ಸಾಲಲಿಲ್ಲ.

ನವ್ಯಶ್ರೀ ಹೋದಳು.
ಎರಡು ವರ್ಷ ನನ್ನ ಪಕ್ಕ ಕೂತು ಕುಲುಕಿದರೂ
ಒಣಗಿದ್ದಕ್ಕೂ ನೀರಿದ್ದಕ್ಕೂ ವ್ಯತ್ಯಾಸ ತಿಳಿಯದವಳು.
ಬಿಟ್ಟುಹೋಗಲು ಕಿವಿಯೇ ಇರಲಿಲ್ಲ ಅವಳಿಗೆ.
ಒಂದು ಬ್ಯಾಗು, ಒಂದು ಹಸಿರು ಬಕೆಟ್ಟು ಹಿಡಿದು ರೈಲು ಹತ್ತಿದಳು.

ನಿನ್ನೆ ಫೋನು ಮಾಡಿದ್ದಳು.
"ಅಕ್ಕಾ, ಮೊದಲ ತಿಂಗಳು ದಿನಾ ಅಳು. ಮೀಟರು ಉಲ್ಟಾ ಚುಚ್ಚಿದ್ದೆ,
ಊಟಕ್ಕೆ ಕೂತಾಗಲೂ ನಗೋರು.
ಈಗ ಹೊಸಬರಿಬ್ಬರಿಗೆ ನಾನೇ ಹೇಳಿಕೊಡೋದು."
ಅವಳು ಹೇಳುತ್ತಲೇ ಇದ್ದಳು.
ನಾನು ಫೋನನ್ನು ಬಲಗಿವಿಗೆ ಒತ್ತಿ
ಮಾತು ಬಿಟ್ಟು ಬರೀ ಸದ್ದು ಕೇಳುತ್ತಿದ್ದೆ.
ಚಿಪ್ಪು ಬಿಟ್ಟಿದೆ.
ಚೂರಾಗಿಲ್ಲ.

"ನೀವ್ಯಾಕೆ ಬರಲಿಲ್ಲಕ್ಕ?" ಅಂದಳು.
ಮಂಡಿನೋವು ಅಂದೆ.
"ಯಾರಿಗೆ?"
ಸ್ಟೇಷನ್ನಿನಲ್ಲಿ ಆಗಲೇ ಯಾವುದೋ ಗಾಡಿ ಕೂಗಿತು.
ಕೇಳಿಸಲಿಲ್ಲ ಅಂದೆ.