ತಡವಾಗಿ ಬಂದವರಿಗೆ ಪ್ರವೇಶವಿಲ್ಲ

ಜುಲೈ. ವಿನಿಪೆಗ್‌ಗೆ ಸೊಳ್ಳೆ ಬಂತು, ನಾಟಕದ ಹಬ್ಬವೂ ಬಂತು.
ತುಪ್ಪಳದ ಹಳೇ ಗೋದಾಮು, ಮೂರನೇ ಮಹಡಿ,
ಮಡಚು ಕುರ್ಚಿ, ಕೆಟ್ಟ ಫ್ಯಾನು,
ಬಾಗಿಲಲ್ಲಿ ನಾನು, ಹದಿನಾಲ್ಕನೇ ವರ್ಷ, ಅದೇ ಟಾರ್ಚು.

ದೀಪ ಆರಿದ ಮೇಲೆ
ದೇವರು ಬಂದರೂ ಒಳಗೆ ಬಿಡುವಂತಿಲ್ಲ.

ದೇವರು ಬರಲಿಲ್ಲ. ಡೆಲ್ಫೀನ್ ಬರುತ್ತಿದ್ದಳು
ಏದುಸಿರು ಬಿಡುತ್ತ, ಮೊಣಕೈವರೆಗೆ ಐಸ್‌ಕ್ರೀಮು ಸೋರಿಸಿಕೊಂಡು,
"ಒಂದೇ ನಿಮಿಷ ಕಣೋ!"
ನಾನು ಕದಲುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು
ಗೋಡೆಗೆ ಕಿವಿಯಿಟ್ಟೇ ನಾಟಕ ನೋಡುತ್ತಿದ್ದಳು,
ನಮಗಿಂತ ಜೋರಾಗಿ ನಗುತ್ತ.
ಹನ್ನೊಂದು ಜನರಿಗೆ ಆಡುವ ಥೊರ್ವಾಲ್ಡ್
ಆ ಹೊರಗಿನ ನಗುವಿಗೆಂದೇ ಮಾತು ತಡೆದು ನಿಲ್ಲುತ್ತಿದ್ದ.

ಈ ಸಲ ಅರ್ಧ ಗಂಟೆ ಮೊದಲೇ ಬಂದಳು.
ಊರುಗೋಲು ಮೊದಲು, ಆಮೇಲೆ ಅವಳು.
"ಮೆಟ್ಟಿಲಿಗೆ ಅಂತ ಬೇಗ ಹೊರಟೆ."

ಮುಂದಿನ ಸಾಲಲ್ಲಿ ಕೂರಿಸಿದೆ.
ದೀಪ ಆರಿತು. ಬಾಗಿಲು ಹಾಕಬೇಕು.
ಯಾರಿಗೆಂದೋ
ಒಂದು ನಿಮಿಷ ಬಿಟ್ಟೆ.